ಬಿಳಿಚಿದ ಕೆನ್ನೆ, ಹಳದಿ ಕಣ್ಣು

ನನ್ನ ಮೊದಲ ಮಗಳು ಬಹಳ ಬೆಳ್ಳಗಿದ್ದಳು. ಹುಟ್ಟಿದಾಗ ಹಾಗಿರಲಿಲ್ಲ, ನಮ್ಮೆಲ್ಲರ ಹಾಗೆ ಎಣ್ಣೆಗೆಂಪಾಗಿಯೇ ಇದ್ದಳು. ವರ್ಷ ತುಂಬುತ್ತ ಬಂದ ಹಾಗೆ ಬಣ್ಣ ತಿಳಿಯಾಗುತ್ತ ಹೋಯಿತು. "ಅಪ್ಪನ ಕಡೆಯದೂ ಅಲ್ಲ, ಅಮ್ಮನ ಕಡೆಯದೂ ಅಲ್ಲ, ಈ ಬಣ್ಣ ಎಲ್ಲಿಂದ ಬಂತೇ ಕೂಸಿಗೆ?" ಎಂದು ಬಂದವರೆಲ್ಲ ಕೇಳುತ್ತಿದ್ದರು. ಕೇಳಿದಾಗೆಲ್ಲ ನನಗೆ ಒಳಗೊಳಗೇ ಹಿಗ್ಗು. ದೃಷ್ಟಿ ತಾಗೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಮಗು ಓಡಾಡುವುದು ಕಡಿಮೆ. ಕೂರಿಸಿದಲ್ಲಿ ಕೂತಿರುತ್ತಿದ್ದಳು. "ಎಂಥ ಸಾಧು ಮಗು!" ಎಂದು ಅದಕ್ಕೂ ಹೊಗಳಿಕೆ. ಒಂದೇ ಒಂದು ಚಾಳಿಯೆಂದರೆ ಮಣ್ಣು ತಿನ್ನುವುದು. ಜಗಲಿಯ ಗೋಡೆಯ ಸಾರಣೆಯನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. "ಕೃಷ್ಣ ಪರಮಾತ್ಮನೇ ತಿಂದಿದ್ದ, ಇವಳು ತಿಂದರೇನು?" ಎಂದು ಅತ್ತೆ ನಗುತ್ತಿದ್ದರು. ನಾನೂ ನಕ್ಕೆ.

1984ರ ಆಷಾಢ. ಮೂಡಿಗೆರೆಯ ಮಳೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ. ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಒಂದೂವರೆ ವರ್ಷದ ಮಗುವಿಗೆ ನೆಗಡಿಯಾಗಿ ಉಸಿರು ಮೇಲೆ ಮೇಲೆ ಬರತೊಡಗಿದಾಗ ಜೀಪಿನಲ್ಲಿ ಪೇಟೆಗೆ ಕರೆದೊಯ್ದೆವು. ಡಾಕ್ಟರು ಎದೆಯ ಮೇಲೆ ಕೊಳವೆ ಇಡುವ ಮೊದಲೇ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಆಮೇಲೆ ಅಂಗೈ ಬಿಡಿಸಿ ನೋಡಿದರು. ನನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿಯಲು ಹೇಳಿದರು. ನನ್ನದು ಕೆಂಪು, ಅವಳದು ಸುಣ್ಣ ಬಳಿದಂತೆ.

"ಎಷ್ಟು ದಿನದಿಂದ ಹೀಗೆ?"

"ಅವಳ ಬಣ್ಣವೇ ಹಾಗೆ ಡಾಕ್ಟ್ರೇ" ಎಂದೆ.

"ಇದು ಬಣ್ಣ ಅಲ್ಲಮ್ಮ. ರಕ್ತ ಇಲ್ಲ."

ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6 ಗ್ರಾಂ ಇತ್ತು. ಆ ವಯಸ್ಸಿಗೆ 11 ಆದರೂ ಇರಬೇಕಂತೆ. ಮಗುವಿಗೆ ಏನು ಕೊಡುತ್ತೀರಿ ಎಂದು ಕೇಳಿದಾಗ, ಕೊಟ್ಟಿಗೆಯಲ್ಲಿ ನಾಲ್ಕು ಕರಾವಿದ್ದ ಮನೆಯ ಸೊಸೆ ನಾನು, ಹೆಮ್ಮೆಯಿಂದಲೇ "ಹಾಲು" ಎಂದೆ. "ಹೊಟ್ಟೆ ತುಂಬ ಹಾಲು. ಮತ್ತೆ ಹಾಲನ್ನ. ಬೆಳಿಗ್ಗೆ ಸಂಜೆ ನಮ್ಮ ಜೊತೆ ಒಂದೊಂದು ಲೋಟ ಬೆಲ್ಲದ ಕಾಫಿ."

ಅವರು ಬೈಯಲಿಲ್ಲ. "ನಿಮ್ಮ ಮನೆಯ ಕಣಜದಲ್ಲಿ ಭತ್ತ ಕಡಿಮೆಯಾಯಿತು ಅನ್ನಿ. ಯಾಕಾಗಿರಬಹುದು? ಗದ್ದೆಯಿಂದ ಬೆಳೆಯೇ ಬಂದಿಲ್ಲ. ಇಲ್ಲವೇ ಕಣಜದ ತಳದಲ್ಲಿ ತೂತಾಗಿದೆ. ಇಲ್ಲವೇ ಒಳಗೇ ಹುಳ ಹಿಡಿದು ಕಾಳೆಲ್ಲ ಪುಡಿಯಾಗಿದೆ. ರಕ್ತಕ್ಕೂ ಈ ಮೂರೇ ದಾರಿ. ಯಾವ ದಾರಿ ಅಂತ ಹುಡುಕದೆ ಬರೀ ಟಾನಿಕ್ಕು ಕುಡಿಸಿದರೆ ಏನು ಬಂತು?" ಎಂದರು. ನಲವತ್ತು ವರ್ಷ ಕಳೆದರೂ ಮರೆಯದ ಪಾಠ ಅದು.

ನಮ್ಮ ಮನೆಯಲ್ಲಿ ಎರಡು ದಾರಿಗಳು ಒಟ್ಟಿಗೇ ಇದ್ದವು. ಮೊದಲನೆಯದು ಬೆಳೆಯೇ ಬಾರದ್ದು. ಮಗು ಹುಟ್ಟುವಾಗ ತಾಯಿಯಿಂದ ಕಬ್ಬಿಣದ ಒಂದು ಬುತ್ತಿ ಕಟ್ಟಿಕೊಂಡು ಬರುತ್ತದೆ. ತಾಯಿಗೇ ರಕ್ತವಿಲ್ಲದಿದ್ದರೆ, ಮಗು ದಿನ ತುಂಬದೆ ಹುಟ್ಟಿದರೆ ಬುತ್ತಿಯೂ ಚಿಕ್ಕದು. ಎದೆಹಾಲಿನಲ್ಲಿ ಕಬ್ಬಿಣ ಸ್ವಲ್ಪವೇ ಇದ್ದರೂ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಆ ಬುತ್ತಿ, ಈ ಹಾಲು ಸೇರಿ ಆರು ತಿಂಗಳು ನಡೆಯುತ್ತದೆ. ಆಮೇಲೆ ಊಟದಿಂದಲೇ ಬರಬೇಕು. ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಹೊಟ್ಟೆ ತುಂಬ ಕುಡಿದ ಮಗುವಿಗೆ ಬೇರೆ ಊಟಕ್ಕೆ ಹಸಿವೆಯೇ ಇರುವುದಿಲ್ಲ. ಸಾಲದ್ದಕ್ಕೆ, ವರ್ಷ ತುಂಬದ ಕೆಲವು ಮಕ್ಕಳಲ್ಲಿ ಈ ಹಾಲಿನಿಂದಲೇ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದುಂಟು. ಆದ್ದರಿಂದಲೇ ವರ್ಷದೊಳಗೆ ಹಸುವಿನ ಹಾಲನ್ನೇ ಊಟವಾಗಿ ಕೊಡಬಾರದು, ವರ್ಷದ ಮೇಲೂ ದಿನಕ್ಕೆ ಅರ್ಧ ಲೀಟರು ಮೀರಬಾರದು ಎನ್ನುತ್ತಾರೆ.

ಇನ್ನು ಕಾಫಿ. ಕಾಫಿಯ ನಾಡಿನಲ್ಲಿ ಕಾಫಿಯನ್ನು ದೂರಿದರೆ ಅನ್ನ ಕೊಟ್ಟ ದೇವರನ್ನೇ ಬೈದಂತೆ. ಆದರೂ ನಿಜ ಹೇಳಬೇಕು. ಕಾಫಿ, ಟೀಗಳಲ್ಲಿರುವ ಒಗರು ಅಂಶ ಊಟದ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ನನ್ನ ಮಗಳು ಹುಟ್ಟಿದ 1983ರಲ್ಲೇ ಅಮೆರಿಕದಲ್ಲಿ ದೊಡ್ಡವರ ಮೇಲೆ ಒಂದು ಪರೀಕ್ಷೆಯ ವರದಿ ಬಂದಿತ್ತು. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಕಬ್ಬಿಣ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು, ಟೀ ಕುಡಿದರೆ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ತೊಂದರೆ ಮಾಡಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ತಡೆಯಿತು. ನಾವು ದೊಡ್ಡವರು ಹೊತ್ತು ನೋಡಿ ಕುಡಿಯೋಣ. ಹಾಲುಹಲ್ಲಿನ ಮಗುವಿಗೆ ಯಾಕೆ ಬೇಕು?

ಎರಡನೆಯದು ತಳದ ತೂತು. ಅದು ಮಗುವಿನ ಅಂಗಾಲಿನಿಂದ ಒಳಗೆ ಬಂದಿತ್ತು. ಕೊಕ್ಕೆಹುಳುವಿನ ಮರಿಗಳಿಗೆ ಬೇಕಾದದ್ದು ನೆರಳು, ತೇವ, ಸಡಿಲ ಮಣ್ಣು. ಕಾಫಿ ಗಿಡಕ್ಕೂ ಅದೇ ಬೇಕು! ಆಗ ನಮ್ಮ ಲೈನುಮನೆಗಳಲ್ಲಿ ಶೌಚಾಲಯ ಇರಲಿಲ್ಲ, ನಿಜ ಹೇಳುವುದಾದರೆ ನಮ್ಮ ದೊಡ್ಡ ಮನೆಯ ಗಂಡಸರೂ ತಂಬಿಗೆ ಹಿಡಿದು ತೋಟಕ್ಕೇ ಹೋಗುತ್ತಿದ್ದರು. ಆ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದರೆ ಮರಿಹುಳುಗಳು ಚರ್ಮ ತೂರಿ, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಬಂದು, ಎಂಜಲಿನೊಡನೆ ಹೊಟ್ಟೆ ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಈ ಸುತ್ತುದಾರಿ ಮೊದಲು ತಿಳಿದದ್ದು ಈಜಿಪ್ಟಿನ ಕೈರೋದಲ್ಲಿದ್ದ ಲೂಸ್ ಎಂಬ ಜರ್ಮನ್ ವಿಜ್ಞಾನಿಗೆ. ಹುಳುಮರಿಗಳಿದ್ದ ನೀರು ಅಕಸ್ಮಾತ್ ಅವರ ಕೈಮೇಲೆ ಚೆಲ್ಲಿ ತುರಿಕೆ ಎದ್ದಿತು, ಕೆಲವು ವಾರಗಳ ಮೇಲೆ ಅವರ ಮಲದಲ್ಲೇ ಹುಳದ ಮೊಟ್ಟೆ ಸಿಕ್ಕಿತು. ಮಳೆಗಾಲದಲ್ಲಿ ಮಕ್ಕಳ ಬೆರಳ ಸಂದಿ ತುರಿಸಿದರೆ ಕೆಸರುಹುಣ್ಣೆಂದು ಅರಿಶಿನ, ಎಣ್ಣೆ ಹಚ್ಚಿ ಮುಗಿಸುತ್ತಿದ್ದೆವು. ಅದರಲ್ಲಿ ಕೆಲವಾದರೂ ಈ ಹುಳ ಒಳಗೆ ಹೋದ ಬಾಗಿಲಾಗಿದ್ದಿರಬೇಕು.

ಮಗಳಿಗೆ ಹುಳದ ಔಷಧಿ ಕೊಟ್ಟರು. ಕಬ್ಬಿಣದ ಹನಿಗಳನ್ನು ಕೊಟ್ಟರು. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದರು. ನುಗ್ಗೆಸೊಪ್ಪು, ಹರಿವೆಸೊಪ್ಪು, ಹುರುಳಿಕಟ್ಟು, ಅದಕ್ಕೆರಡು ಹನಿ ನಿಂಬೆರಸ. ತಿನ್ನುವವರಾದರೆ ಮೊಟ್ಟೆ, ಮೀನು, ಕೋಳಿಯ ಈಲಿ. ಮಾಂಸ ಮೀನುಗಳ ಕಬ್ಬಿಣ ಬೇಗ ಹತ್ತುತ್ತದೆ, ಸೊಪ್ಪು ಕಾಳಿನದಕ್ಕೆ ಹುಳಿಯ ಸಹಾಯ ಬೇಕು. ಮೂರು ತಿಂಗಳಲ್ಲಿ ನಮ್ಮ ಸಾಧು ಮಗು ಕೊಟ್ಟಿಗೆಯ ತುಂಬ ಕರು ಅಟ್ಟಿಸಿಕೊಂಡು ಓಡುವಂತಾಯಿತು. ಮಣ್ಣು ತಿನ್ನುವುದು ತಾನಾಗಿ ನಿಂತಿತು. ಬಣ್ಣವೂ ಹೋಯಿತು. "ಮಗು ಕಪ್ಪಾಯಿತಲ್ಲೇ!" ಎಂದು ಬಂದವರು ನೊಂದುಕೊಂಡರು.

ಆ ವರ್ಷ ಕಳಸಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕುದುರೆಮುಖದ ಸಾಲು ಕಂಡಿತು. ಆ ಬೆಟ್ಟಗಳ ಕಬ್ಬಿಣದ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದ ಕಾಲ ಅದು. 2005ರ ಕೊನೆಗೆ ಆ ಗಣಿ ನಿಂತಿತು. ಬೆಟ್ಟ ಬೆಟ್ಟವೇ ಕಬ್ಬಿಣ, ಅದರ ಬುಡದಲ್ಲಿ ಆಡುವ ಮಕ್ಕಳ ಮೈಯಲ್ಲಿ ಒಂದು ಚಿಟಿಕೆಯಷ್ಟು ಇಲ್ಲವಲ್ಲ ಎಂದು ಅಂದು ಅನಿಸಿತ್ತು.

ಇಷ್ಟೆಲ್ಲ ಕಲಿತ ಮೇಲೆ ನಾನು ಲೈನಿನ ಹೆಂಗಸರಿಗೆಲ್ಲ ಅರ್ಧ ಡಾಕ್ಟರಾದೆ. ಆ ಅರ್ಧ ವಿದ್ಯೆಯ ಕಥೆಯನ್ನೇ ಈಗ ಹೇಳಬೇಕಾಗಿರುವುದು.

1991ರ ಜನವರಿ, ಹಣ್ಣು ಕುಯ್ಲಿನ ಸಮಯ. ಘಟ್ಟದ ಕೆಳಗಿನಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಒಂದೂವರೆ ತಿಂಗಳ ಗಂಡುಕೂಸನ್ನು ಜೋಲಿಗೆ ಹಾಕಿ ಹಣ್ಣು ಕುಯ್ಯುತ್ತಿದ್ದಳು. ಕೂಸಿನ ಕಣ್ಣು ಹಳದಿ. ಮೈ ಗುಂಡಗಿತ್ತು, ಚೆನ್ನಾಗಿ ಹಾಲು ಕುಡಿಯುತ್ತಿತ್ತು, ನಗುತ್ತಿತ್ತು. "ಕಾಮಾಲೆ ಕಣೇ, ಸೊಪ್ಪಿನ ಔಷಧಿ ಕೊಡಿಸು" ಎಂದೆ. ನಮ್ಮ ಕಡೆ ಕಾಮಾಲೆಗೆ ಡಾಕ್ಟರ ಹತ್ತಿರ ಹೋಗುವವರು ಆಗ ಕಡಿಮೆ. ಕಿರುನೆಲ್ಲಿ ಅರೆದು ಹಾಲಿನಲ್ಲಿ ಕೊಡುವವರು ಊರೂರಲ್ಲೂ ಇದ್ದರು. ಕೆಲವು ಕಡೆ ಎಳೆಗೂಸಿನ ಮೈಗೆ ಬರೆ ಎಳೆಯುತ್ತಿದ್ದರು. ಅದನ್ನು ಮಾತ್ರ ಮಾಡಿಸಬೇಡ ಎಂದು ಬುದ್ಧಿ ಹೇಳಿ, ಬಸ್ ಛಾರ್ಜಿಗೆ ಹಣವನ್ನೂ ನಾನೇ ಕೊಟ್ಟೆ.

ಒಂದು ಸಲ ಅವಳು ಹೇಳಿದ್ದಳು: "ಅಮ್ಮಾ, ಕೂಸು ಹೊರಗೆ ಮಾಡಿದ್ದು ಬೆಳ್ಳಗೆ, ಅಕ್ಕಿಹಿಟ್ಟಿನ ಹಾಗೆ." ಬರೀ ಹಾಲು ಕುಡಿಯುವ ಕೂಸು, ಬಿಳಿಯಲ್ಲದೆ ಇನ್ನೇನು ಎಂದುಕೊಂಡೆ. ಮೂರು ಮಕ್ಕಳ ಬಟ್ಟೆ ಒಗೆದ ಕೈ ನನ್ನದು. ಆ ಬಟ್ಟೆಗಳೆಲ್ಲ ಅರಿಶಿನದ ಬಣ್ಣಕ್ಕಿದ್ದದ್ದು ನೆನಪಾಗಲಿಲ್ಲ.

ಮಾರ್ಚಿನಲ್ಲಿ ಕೂಸಿನ ಹೊಟ್ಟೆ ಉಬ್ಬಿತು, ಹಳದಿ ಹಸಿರಿಗೆ ತಿರುಗಿತು. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಪಿತ್ತ ಈಲಿಯಿಂದ ಕರುಳಿಗೆ ಇಳಿಯುವ ನಾಳವೇ ಆ ಕೂಸಿಗೆ ಮುಚ್ಚಿಹೋಗಿತ್ತು. ಪಿತ್ತ ಇಳಿಯದ್ದರಿಂದ ಮಲ ಬಿಳಿ. ಅದೇ ಪಿತ್ತ ರಕ್ತಕ್ಕೆ ಏರಿದ್ದರಿಂದ ಕಣ್ಣು ಹಳದಿ, ಮೂತ್ರ ಕಡುಬಣ್ಣ. ಜಪಾನಿನ ಕಸಾಯಿ ಎಂಬ ಶಸ್ತ್ರವೈದ್ಯರು 1950ರ ದಶಕದಲ್ಲೇ ಇದಕ್ಕೊಂದು ಆಪರೇಷನ್ ಕಂಡುಹಿಡಿದಿದ್ದಾರೆ. ಆದರೆ ಅದನ್ನು ಎರಡು ತಿಂಗಳು ತುಂಬುವುದರೊಳಗೆ ಮಾಡಿದರೆ ಫಲ ಹೆಚ್ಚು. ನಮಗೆ ನಾಲ್ಕು ತಿಂಗಳಾಗಿತ್ತು. ಈಲಿ ಗಟ್ಟಿಯಾಗಿ ಹೋಗಿತ್ತು. ಆ ಮಳೆಗಾಲ ಮುಗಿಯುವುದರೊಳಗೆ ಕೂಸು ಹೋಯಿತು. ನಮ್ಮ ದೇಶದಲ್ಲಿ ಒಂದು ಮಗುವಿಗೆ ಈಲಿಯ ಕಸಿ ಮೊದಲ ಬಾರಿ ಯಶಸ್ವಿಯಾದದ್ದು 1998ರಲ್ಲಿ, ಇದೇ ಕಾಯಿಲೆಯ ಮಗುವಿಗೆ. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬಸ್ಸಿನ ಹಣ ಕೊಟ್ಟ ಉಪಕಾರಿಯೆಂದೇ ಕೊನೆಯವರೆಗೆ ತಿಳಿದಿದ್ದಳು.

ಸೊಪ್ಪಿನ ಔಷಧಿಯವರನ್ನು ದೂರಲು ನಾನಿದನ್ನು ಬರೆಯುತ್ತಿಲ್ಲ. ಅವರಿಗೆ ಹೆಸರು ಬಂದದ್ದು ಹೇಗೆ ಎಂದು ಯೋಚಿಸಿದ್ದೇನೆ. ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವು ಎರಡನೆಯ, ಮೂರನೆಯ ದಿನ ಹಳದಿಯಾಗುತ್ತವೆ. ಹೆಚ್ಚುವರಿ ಕೆಂಪು ಕಣಗಳು ಒಡೆದು ಹುಟ್ಟುವ ಹಳದಿ ಬಣ್ಣವನ್ನು ಹೊರಹಾಕಲು ಎಳೆಯ ಈಲಿಗೆ ಇನ್ನೂ ಕಸುವು ಬಂದಿರುವುದಿಲ್ಲ. ವಾರ ಹತ್ತು ದಿನದಲ್ಲಿ ಅದು ತಾನೇ ಇಳಿಯುತ್ತದೆ. ಎದೆಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ಇನ್ನೂ ಸ್ವಲ್ಪ ದಿನ ನಿಂತು ಹೋಗುತ್ತದೆ. ದೊಡ್ಡ ಮಕ್ಕಳಿಗೆ ಮಲಿನ ನೀರಿನಿಂದ ಬರುವ ಕಾಮಾಲೆಯೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಗುಣವಾಗುತ್ತದೆ. ಹಳ್ಳದ ನೀರನ್ನು ಕುದಿಸಿ ಕುಡಿದರೆ ಬರುವುದೇ ಇಲ್ಲ ಎನ್ನಬಹುದು. ಹೀಗೆ ತಾನೇ ಹೋಗುವ ಹಳದಿಯ ಕೀರ್ತಿಯೆಲ್ಲ ಸೊಪ್ಪಿಗೆ ಸಿಕ್ಕಿತು. ತಾನೇ ಹೋಗದ ಹಳದಿ ಯಾವುದೋ ಒಂದು ಮನೆಯಲ್ಲಿ ಕಾಯುತ್ತ ಕೂತಿತು.

ಮೂರನೆಯ ದಾರಿಯೊಂದು ಉಳಿದಿತ್ತಲ್ಲ, ಕಣಜದ ಒಳಗೇ ಕಾಳು ಪುಡಿಯಾಗುವುದು? ಅದರಲ್ಲಿ ಮಗು ಬಿಳಿಚಿಕೊಳ್ಳುವುದೂ ಉಂಟು, ಹಳದಿಯಾಗುವುದೂ ಉಂಟು. ಹಿಂದೆ ನಮ್ಮ ಮಲೆನಾಡಿನಲ್ಲಿ ಮಲೇರಿಯಾ ಈ ಕೆಲಸ ಮಾಡುತ್ತಿತ್ತು. ಜ್ವರಗಡ್ಡೆ ಬೆಳೆದು ಹೊಟ್ಟೆ ಮುಂದಾದ ಮಕ್ಕಳನ್ನು ನಮ್ಮ ಅಜ್ಜಿಯಂದಿರು ಕಂಡಿದ್ದರು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿ ಮಗುವಿನದು ಪಾಸಿಟಿವ್ ಆದರೆ, ಮುಂದಿನ ಬಸಿರಿನಲ್ಲಿ ತಾಯಿಯ ರಕ್ತವೇ ಮಗುವಿನ ಕಣಗಳ ಮೇಲೆ ಬೀಳಬಹುದು. ಅಪ್ಪ ಅಮ್ಮ ಇಬ್ಬರೂ ಹೊತ್ತಿದ್ದು ಮಗುವಿಗೆ ದಾಟಿಸುವ ಥಲಸೇಮಿಯಾ, ಕುಡುಗೋಲು ಕಣದ ಕಾಯಿಲೆಗಳೂ ಇವೆ. ಸೋದರಿಕೆಯಲ್ಲೇ ಮದುವೆ ಮಾಡಿಕೊಳ್ಳುವ ನಾವು ಇದನ್ನು ತಿಳಿದಿರಬೇಕು. ಇಂಥ ಮಕ್ಕಳಿಗೆ ಕೇಳದೆ ಕಬ್ಬಿಣದ ಟಾನಿಕ್ಕು ಕುಡಿಸುವುದೂ ತಪ್ಪು. ಬೆಳೆ ಬಾರದ ಕಣಜಕ್ಕೂ ಹುಳ ಹಿಡಿದ ಕಣಜಕ್ಕೂ ಮದ್ದು ಒಂದೇ ಅಲ್ಲ.

2009ರಲ್ಲಿ ನನ್ನ ಅದೇ ಬೆಳ್ಳನೆಯ ಮಗಳು ಚಿಕ್ಕಮಗಳೂರಿನಲ್ಲಿ ಹೆತ್ತಳು. ಅವಳ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್; 72 ಗಂಟೆಯೊಳಗೆ ಕೊಡಬೇಕಾದ ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಮಗು ಹಳದಿಯಾಯಿತು. ಹಳದಿ ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲೆಳೆಯದೆ ಮಂಪರಾಗಿ ಮಲಗಿದರೆ, ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ ತಡಮಾಡಬಾರದು, ವಿಷವೇರಿದ ಹಾಗೆ ಮಿದುಳಿಗೇ ಹತ್ತುತ್ತದೆ ಎಂದರು. ನೀಲಿ ದೀಪದ ಕೆಳಗೆ ಮಲಗಿಸಿದರು. ಈ ದೀಪದ ಹಿಂದೆ ಒಬ್ಬ ದಾದಿಯ ಕಣ್ಣಿದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬಾಕೆ ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಹೊರಗೆ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಜಾಗ ಮಾತ್ರ ಹಳದಿ ಉಳಿದು, ಬೆಳಕು ಬಿದ್ದ ಕಡೆ ಇಳಿದದ್ದನ್ನು ಅವರು ವೈದ್ಯರಿಗೆ ತೋರಿಸಿದರು. 1958ರ ಹೊತ್ತಿಗೆ ಅಲ್ಲಿಂದಲೇ ದೀಪದ ಚಿಕಿತ್ಸೆ ಹೊರಬಂತು. ಹಾಗೆಂದು ಮನೆಯ ಅಂಗಳದ ಬಿಸಿಲೇ ಸಾಕೆಂದು ಕೂರಬಾರದು. ಅಳತೆಯಿಟ್ಟ ಬೆಳಕು ಬೇರೆ, ಬಿಸಿಲು ಬೇರೆ.

ಆಸ್ಪತ್ರೆಗೆ ನಾನು ಹಳೆಯ ಟ್ರಂಕಿನಿಂದ ತೆಗೆದ ಮೆತ್ತನೆಯ ಕಂಬಳಿ ಒಯ್ದಿದ್ದೆ. ದಾದಿ ಮೂಸಿ ನೋಡಿ, "ಇದರಲ್ಲಿ ನುಸಿಗುಳಿಗೆ ಇಟ್ಟಿದ್ರಾ?" ಎಂದರು. ನಮ್ಮ ಮಳೆನಾಡಿನಲ್ಲಿ ನುಸಿಗುಳಿಗೆ ಇಲ್ಲದ ಪೆಟ್ಟಿಗೆ ಯಾವುದಿದೆ? ಕೆಲವು ಮಕ್ಕಳ ರಕ್ತಕಣಗಳಲ್ಲಿ ಅವನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಅಂಥವರಿಗೆ ಆ ಗುಳಿಗೆಯ ಆವಿಯೇ ಸಾಕು, ಕಣಗಳು ಒಡೆದು ರಕ್ತವೂ ಇಳಿಯುತ್ತದೆ, ಹಳದಿಯೂ ಏರುತ್ತದೆ. ನಮ್ಮ ಮಗುವಿಗೆ ಅದೇನೂ ಇರಲಿಲ್ಲ, ಎರಡು ದಿನದಲ್ಲಿ ದೀಪದಿಂದ ಹೊರಗೆ ಬಂತು. ಕಂಬಳಿ ಅಂದೇ ಮನೆಗೆ ವಾಪಸ್ಸಾಯಿತು. ಮಕ್ಕಳ ಬಟ್ಟೆಯನ್ನು ಈಗ ಬೇರೆ ಇಡುತ್ತೇವೆ, ಬಿಸಿಲಿಗೆ ಹಾಕಿಯೇ ತೊಡಿಸುತ್ತೇವೆ.

ಕಾಲ ಬದಲಾಗಿದೆ. ನಮ್ಮ ಲೈನಿನಲ್ಲಿ ಶೌಚಾಲಯವಿದೆ, ಮಕ್ಕಳ ಕಾಲಿಗೆ ಚಪ್ಪಲಿಯಿದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ಪು ಕೊಡುವ ಸರ್ಕಾರದ ಕಾರ್ಯಕ್ರಮವಿದೆ; 2015ರಿಂದ ಹುಳದ ಮಾತ್ರೆಗೆಂದೇ ದೇಶಕ್ಕೆಲ್ಲ ಒಂದು ದಿನ ಗೊತ್ತುಮಾಡಿದ್ದಾರೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತ ಕಡಿಮೆ. ಅದರ ಹಿಂದಿನ ಸಮೀಕ್ಷೆಯಲ್ಲಿ 60.9 ಇತ್ತು. ಸೀಸೆ ಮನೆಗೆ ಬಂದರೂ ಗೂಡಿನಲ್ಲೇ ಉಳಿಯುವುದನ್ನು ನಾನೇ ಕಂಡಿದ್ದೇನೆ. ಮಲ ಕಪ್ಪಾಯಿತೆಂದು ಹೆದರಿ ನಿಲ್ಲಿಸಿದವರೂ ಇದ್ದಾರೆ. "ನಮ್ಮ ಮಗು ಬೆಳ್ಳಗಿದೆ" ಎಂದು ಹಿಗ್ಗುವ ತಾಯಂದಿರೂ ಇದ್ದಾರೆ, ನನ್ನ ಹಾಗೆ.

ಈಗ ನಮ್ಮ ಲೈನಿನಲ್ಲಿ ಅಸ್ಸಾಮಿನ ಸಂಸಾರಗಳಿವೆ. ಕಳೆದ ಕುಯ್ಲಿನಲ್ಲಿ ಒಬ್ಬ ಹುಡುಗಿ, ಇಪ್ಪತ್ತು ವರ್ಷವೂ ಇರಲಾರದು, ಮೂರು ವಾರದ ಕೂಸನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಕೂಸಿನ ಕಣ್ಣಂಚಿನಲ್ಲಿ ಇನ್ನೂ ಹಳದಿ. ಎರಡು ವಾರ ದಾಟಿದ ಹಳದಿ ಯಾವುದೇ ಇರಲಿ, ಡಾಕ್ಟರು ನೋಡಲೇಬೇಕು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ತಿಳಿಯದು. ಮಸಾಲೆ ಡಬ್ಬಿಯಿಂದ ಒಂದು ಚಿಟಿಕೆ ಅರಿಶಿನ, ಪಕ್ಕದ ಡಬ್ಬಿಯಿಂದ ಒಂದು ಚಿಟಿಕೆ ಅಕ್ಕಿಹಿಟ್ಟು ಅಂಗೈಯಲ್ಲಿಟ್ಟು, ಕೂಸಿನ ಲಂಗೋಟಿ ತೋರಿಸಿ, ಯಾವುದು ಎಂದು ಸನ್ನೆ ಮಾಡಿದೆ. ಅವಳಿಗೆ ಅರ್ಥವಾಗಿ ನಾಚಿ ನಕ್ಕಳು. ಅರಿಶಿನದ ಮೇಲೆ ಬೆರಳಿಟ್ಟಳು.

ಅಬ್ಬ ಎನಿಸಿತು. ಹಳದಿ ಬಟ್ಟೆಯಲ್ಲಿ ಇರಬೇಕು, ಕಣ್ಣಿನಲ್ಲಿ ಇರಬಾರದು. ಆದರೂ ಮರುದಿನ ಮಗನ ಕೈಯಲ್ಲಿ ಜೀಪು ತೆಗೆಸಿ ಅವಳನ್ನೂ ಕೂಸನ್ನೂ ಮೂಡಿಗೆರೆಗೆ ಕಳಿಸಿದೆ. ಈ ಸಲ ಬಸ್ ಛಾರ್ಜು ಕೊಟ್ಟು ಮನೆಯಲ್ಲಿ ಕೂರಲಿಲ್ಲ. ಜೊತೆಗೆ ನಾನೂ ಹೋದೆ.